ಎಂಜಿನ್ ಕೊಳ್ಳುವ ಮೊದಲು: ಮನೆಯ ಶೆಡ್ಡಿನಲ್ಲಿ ಹಾಟ್ ರಾಡ್ ಕಟ್ಟುವವರಿಗೆ

ಹಾಟ್ ರಾಡ್ ಅಂದರೆ ಹಳೆ ಗಾಡಿಯ ಭಾರ ಇಳಿಸಿ, ಎಂಜಿನ್ ಶಕ್ತಿ ಏರಿಸಿ ಕಟ್ಟಿದ ವೇಗದ ಗಾಡಿ. ಅದನ್ನು ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದೇ ಎಂಜಿನ್ನನ್ನು. ಗುಜರಿಯಲ್ಲಿ ಒಳ್ಳೆಯದೊಂದು ಕಣ್ಣಿಗೆ ಬಿತ್ತು, ಬಿಟ್ಟರೆ ಹೋಗುತ್ತದೆ ಅಂತ ಟೆಂಪೊಗೆ ಹಾಕಿಸಿಕೊಂಡು ಬರುತ್ತಾರೆ. ಆಮೇಲೆ ನೋಡಿದರೆ ಅದಕ್ಕೆ ಗೇರ್‌ಬಾಕ್ಸ್ ಇಲ್ಲ. ಗೇರ್‌ಬಾಕ್ಸ್ ಸಿಕ್ಕರೆ ಫ್ಲೋರಿನ ಕೆಳಗೆ ಕೂರುವುದಿಲ್ಲ. ಕೂತರೆ ಎಕ್ಸಾಸ್ಟ್ ಹೋಗಿ ಸ್ಟೀರಿಂಗ್ ಬಾಕ್ಸಿಗೆ ತಾಗುತ್ತದೆ. ಇಷ್ಟೆಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಆರ್‌ಸಿಯಲ್ಲಿರುವ ಎಂಜಿನ್ ನಂಬರು ಬೇರೆ, ಗಾಡಿಯಲ್ಲಿರುವುದು ಬೇರೆ. ಟಾರ್ಪಾಲು ಹೊದ್ದು ನಿಂತ ಎಷ್ಟೋ ಗಾಡಿಗಳ ಕತೆ ಇಷ್ಟೇ. ಸರಿಯಾದ ಕ್ರಮ ಇದಕ್ಕೆ ತಿರುವುಮುರುವು: ಕಾಗದ, ಷಾಸಿ, ಹಿಂದಿನ ಆಕ್ಸಲ್, ಗೇರ್‌ಬಾಕ್ಸ್, ಕೊನೆಗೆ ಎಂಜಿನ್.

ಹಾಟ್ ರಾಡಿನ ಮೂಲ ಸೂತ್ರವೂ ಸರಳ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬತ್ತಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಹಗುರ ಹಳೆ ಫೋರ್ಡ್‌ಗಳ ಫೆಂಡರು, ಹುಡ್ಡು ಕಳಚಿ ಎಸೆದು, ತಮ್ಮ ಊರಿನ ಗುಜರಿಯಲ್ಲೇ ಸಿಗುವ ದೊಡ್ಡ ಎಂಜಿನ್ ಕೂರಿಸಿದರು. 1932ರಲ್ಲಿ ಬಂದ ಫೋರ್ಡ್ ಫ್ಲಾಟ್‌ಹೆಡ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರಿನ ಎಂಜಿನ್) ಹೊಸದಿದ್ದಾಗ ಕೊಡುತ್ತಿದ್ದುದು 65 ಅಶ್ವಶಕ್ತಿ ಮಾತ್ರ. ಅದು ಎಲ್ಲ ಕಡೆ ಸಿಗುತ್ತಿತ್ತು, ಗೆದ್ದದ್ದು ಅದಕ್ಕೇ. ತುಮಕೂರಿನಲ್ಲಿ ಕೂತು ಅಮೆರಿಕದ ವಿ8 ತರಿಸುವ ಕನಸು ಕಾಣುವುದಕ್ಕಿಂತ, ಇಲ್ಲಿನ ಗುಜರಿಯಲ್ಲಿ ಏನು ಸಿಗುತ್ತದೆ ಎಂದು ನೋಡುವುದೇ ಆ ಹುಡುಗರ ದಾರಿ. ಒಂದು ಗ್ಯಾಸ್ಕೆಟ್ಟಿಗೆ ಮೂರು ತಿಂಗಳು ಕಾಯಬೇಕಾದ ಎಂಜಿನ್ ಎಷ್ಟು ಬಿಎಚ್‌ಪಿ (ಅಶ್ವಶಕ್ತಿ) ಕೊಟ್ಟರೂ ವ್ಯರ್ಥ.

ಕಾಗದ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅಡಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೊನ್ನೆಯಿಂದ ಕಟ್ಟಿದ ಗಾಡಿಗೆ ನೋಂದಣಿ ಬೇಕಾದರೆ ಮಾದರಿ ಅನುಮೋದನೆ ಬೇಕು. ಅದು ಕಂಪನಿಗಳ ಕೆಲಸ, ಮನೆಯ ಶೆಡ್ಡಿನದಲ್ಲ.

ವಿಂಟೇಜ್ ನೋಂದಣಿಯ ಆಸೆಯೂ ಬೇಡ. 2021ರ ನಿಯಮದಡಿ 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷದ ನೋಂದಣಿ ಸಿಗುತ್ತದೆ ನಿಜ. ಆದರೆ ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಕತ್ತರಿಸಿದ ಕ್ಷಣವೇ ಆ ಬಾಗಿಲು ಮುಚ್ಚಿತು.

ಹಾಗಾಗಿ ಮೊದಲ ದಿನವೇ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದು, ರಸ್ತೆಗೆ ಇಳಿಯುವ ಗಾಡಿ: ಅದೇ ಎಂಜಿನ್ ಬ್ಲಾಕು, ಅದೇ ನಂಬರು, ಅದೇ ಇಂಧನ, ಬಾಡಿಯ ಆಕಾರವೂ ಅದೇ, ಶಕ್ತಿ ಹೆಚ್ಚಿಸುವುದೆಲ್ಲ ಎಂಜಿನ್ನಿನ ಒಳಗೆ. ಬ್ಲಾಕೇ ಒಡೆದು ಅದೇ ಮಾದರಿಯ ಇನ್ನೊಂದು ಹಾಕಬೇಕಾದರೂ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಸ್ಪ್ಯಾನರು. ಎರಡು, ತೋಟದೊಳಗೆ ಅಥವಾ ಟ್ರ್ಯಾಕಿನಲ್ಲಿ ಮಾತ್ರ ಓಡುವ ಗಾಡಿ: ಅಲ್ಲಿಗೆ ಲಾರಿಯ ಮೇಲೆ ಹೋಗಿ ಲಾರಿಯ ಮೇಲೆ ಬರಬೇಕು. "ಆಮೇಲೆ ನೋಡಿಕೊಳ್ಳೋಣ" ಅನ್ನುವ ಮೂರನೆಯ ದಾರಿ ಹಿಡಿದವರು, ಅಪಘಾತವಾದ ದಿನ ವಿಮೆ ಕಂಪನಿ ಕೇಳುವ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಹಳೆ ಗಾಡಿ ಕೊಳ್ಳುವಾಗ ಆರ್‌ಸಿ ಚಾಲ್ತಿಯಲ್ಲಿದೆಯೇ ನೋಡಿ. ಮೊದಲ ಹದಿನೈದು ವರ್ಷ ಕಳೆದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆಎ-06, ಕೆಎ-07, ಕೆಎ-40 ನಂಬರಿನದೇ ಆದರೆ ಓಡಾಟ ಕಡಿಮೆ. ಬೇರೆ ರಾಜ್ಯದ್ದಾದರೆ ಎನ್‌ಒಸಿ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.

ಷಾಸಿ

ಜೀಪ್ ಮತ್ತು ಜಿಪ್ಸಿಗೆ ಏಣಿಯಂಥ ಪ್ರತ್ಯೇಕ ಲ್ಯಾಡರ್ ಫ್ರೇಮ್ ಇದೆ. ಬಾಡಿ ಎತ್ತಿಟ್ಟು ಫ್ರೇಮಿನ ಮೇಲೆ ಕೆಲಸ ಮಾಡಬಹುದು. ಅಂಬಾಸಿಡರ್, ಪದ್ಮಿನಿಗಳಿಗೆ ಫ್ರೇಮ್ ಇಲ್ಲ, ಬಾಡಿಯೇ ಷಾಸಿ. ಅದರ ಟಾಪು ಕತ್ತರಿಸಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ, ಯಾಕೆಂದರೆ ನಡುವೆ ಗಾಡಿಯೇ ಬಾಗಿರುತ್ತದೆ. ಟ್ರ್ಯಾಕ್ ಗಾಡಿಗಾಗಿ ಕತ್ತರಿಸಲೇಬೇಕಿದ್ದರೆ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಪೈಪು ಬೆಸೆದು, ಅಳತೆ ಬರೆದಿಟ್ಟು, ಆಮೇಲೆ ಗ್ರೈಂಡರ್ ಹಿಡಿಯಿರಿ.

ಫ್ರೇಮ್ ಸೊಟ್ಟಗಿದೆಯೇ ನೋಡಲು ಸಮತಟ್ಟು ನೆಲದ ಮೇಲೆ ನಾಲ್ಕು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಕರ್ಣದ ಅಳತೆ ತೆಗೆಯಿರಿ. ಎರಡರ ನಡುವೆ 5 ಮಿ.ಮೀ. ಮೀರಿ ವ್ಯತ್ಯಾಸ ಬಂದರೆ ಮುಂದಿನ ಕೆಲಸ ನಿಲ್ಲಿಸಿ, ಮೊದಲು ಅದನ್ನು ನೆಟ್ಟಗೆ ಮಾಡಿಸಿ. ಫ್ರೇಮಿಗೆ ಬ್ರಾಕೆಟ್ ಬೆಸೆಯುವಾಗ 7018 ವೆಲ್ಡಿಂಗ್ ರಾಡು, ಅದೂ ಬಿಸಿ ಮಾಡಿ ಒಣಗಿಸಿದ್ದು. ಕಿಟಕಿ, ಗೇಟು ಬೆಸೆಯುವವರ ಬಳಿ 6013 ಮಾತ್ರ ಇರುತ್ತದೆ. ರಾಡು ನೀವೇ ಒಯ್ಯಿರಿ.

ಯಾವ ಎಂಜಿನ್?

ಉದ್ದಕ್ಕೆ ಕೂರುವ, ಹಿಂದಿನ ಚಕ್ರ ತಿರುಗಿಸುವ ಗೇರ್‌ಬಾಕ್ಸ್ ಜೊತೆಗೇ ಸಿಗುವ ಎಂಜಿನ್ ಮಾತ್ರ ಲೆಕ್ಕಕ್ಕೆ. ಈಗಿನ ಹ್ಯಾಚ್‌ಬ್ಯಾಕ್‌ಗಳ ಎಂಜಿನ್ ಅಗ್ಗ, ಶಕ್ತಿಯೂ ಇದೆ. ಆದರೆ ಅವು ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುವಂಥವು. ಅವುಗಳ ಬೆಲ್ ಹೌಸಿಂಗಿಗೆ (ಎಂಜಿನ್ನಿಗೂ ಗೇರಿಗೂ ನಡುವಿನ ಗಂಟೆಯಾಕಾರದ ಕವಚ) ಹೊಂದುವ ಉದ್ದ ಗೇರ್‌ಬಾಕ್ಸ್ ಹುಡುಕಬೇಕು, ಸಂಪು (ಕೆಳಗಿನ ಆಯಿಲ್ ತೊಟ್ಟಿ) ಬದಲಿಸಬೇಕು, ಜೊತೆಗೆ ಕೀಲಿ ಗುರುತಿಸದೆ ಸ್ಟಾರ್ಟ್ ಆಗದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬೇರೆ. ಮೊದಲ ಗಾಡಿಗೆ ಇದು ಬೇಡ.

ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ನಮ್ಮ ಮೊದಲ ಆಯ್ಕೆ. ಇದು ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್. ಇಲ್ಲಿ ಸುಮಾರು 50 ಬಿಎಚ್‌ಪಿ ಕೊಡುವ ಇದೇ 1489 ಸಿಸಿ ಎಂಜಿನ್ 1950ರ ದಶಕದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಎರಡು ಎಸ್‌ಯು ಕಾರ್ಬುರೇಟರ್ ಹಾಕಿಕೊಂಡು 68, ಮುಂದೆ 72 ಕೊಡುತ್ತಿತ್ತು. ಅಂದರೆ ಬ್ಲಾಕಿನಲ್ಲಿ ಶಕ್ತಿ ಅಡಗಿದೆ, ಉಸಿರಾಟ ಸಾಲದು ಅಷ್ಟೇ. ಇದರ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಇನ್‌ಟೇಕ್ ಪೋರ್ಟು. ಒಂದೊಂದಕ್ಕೆ ಒಂದೊಂದು ಕಾರ್ಬುರೇಟರ್ ಕೊಟ್ಟರೆ ಮೊದಲ ಲಾಭ ಅಲ್ಲೇ. ಆಮೇಲೆ ಪೋರ್ಟ್ ಮತ್ತು ಗ್ಯಾಸ್ಕೆಟ್ ಅಂಚು ಸರಿಹೊಂದಿಸುವುದು, ಮೂರು ಪೈಪಿನ ಎಕ್ಸಾಸ್ಟ್, ಕೊನೆಗೆ ಕ್ಯಾಮ್ (ವಾಲ್ವು ತೆರೆಯುವ ಶಾಫ್ಟು).

ಬೋರ್ ದೊಡ್ಡದು ಮಾಡಿಸಿದರೆ ಶಕ್ತಿ ಏರುತ್ತದೆ ಎಂಬ ಮಾತು ಲೇತ್ ಅಂಗಡಿಗಳಲ್ಲಿ ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ: 73.025 ಮಿ.ಮೀ. ಬೋರು, 88.9 ಸ್ಟ್ರೋಕು. 40 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಹೆಚ್ಚಿಸಿದರೂ 1531 ಸಿಸಿ; ಸಿಕ್ಕಿದ್ದು 42 ಸಿಸಿ, ನೂರಕ್ಕೆ ಮೂರೂ ಇಲ್ಲ. ಬೋರಿಂಗ್ ಮಾಡಿಸುವುದು ಸವೆದ ಸಿಲಿಂಡರಿಗೆ, ಶಕ್ತಿಗಲ್ಲ. ಇನ್ನೊಂದು ಎಚ್ಚರ: ಈ ಕ್ರ್ಯಾಂಕ್ ಮೂರೇ ಮೇನ್ ಬೇರಿಂಗ್ ಮೇಲೆ ಕೂತಿದೆ. 5,500 ಆರ್‌ಪಿಎಂ ದಾಟಿಸುವ ಆಸೆ ಇಟ್ಟುಕೊಂಡರೆ ಬೇರಿಂಗ್ ಕೇಳುವುದಿಲ್ಲ.

ಕಾಂಟೆಸ್ಸಾ ಕ್ಲಾಸಿಕ್‌ನ ಇಸುಜು 1817 ಸಿಸಿ ಎಂಜಿನ್ ಐದು ಗೇರಿನ ಬಾಕ್ಸ್ ಸಮೇತ ಅಂಬಾಸಿಡರಿಗೆ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಕಂಪನಿಯೇ ಅದನ್ನು ಅಂಬಾಸಿಡರ್ 1800 ಐಎಸ್‌ಝಡ್ ಎಂದು ಮಾಡಿ ಮಾರಿತ್ತು. ಸುಮಾರು 75 ಬಿಎಚ್‌ಪಿ. ರಸ್ತೆಗೆ ಬೇಕಾದರೆ ಕಂಪನಿಯಿಂದಲೇ ಆ ಎಂಜಿನ್ನಿನೊಂದಿಗೆ ಬಂದ ಗಾಡಿಯನ್ನೇ ಹುಡುಕಿ. ಆಗ ಆರ್‌ಸಿಯ ತಕರಾರೇ ಇಲ್ಲ. ಬಿಡಿಭಾಗ ಮಾತ್ರ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿದೆ.

ಟ್ರ್ಯಾಕ್ ಗಾಡಿಗೆ ಜಿಪ್ಸಿ ಕಿಂಗ್‌ನ 1298 ಸಿಸಿ, 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ) ಎಂಜಿನ್ನಿಗಿಂತ ಒಳ್ಳೆಯದು ಈ ಕಡೆ ಸಿಗುವುದು ಕಷ್ಟ. 80 ಬಿಎಚ್‌ಪಿ, ಅಲ್ಯೂಮಿನಿಯಂ ಬ್ಲಾಕು, ಉದ್ದಕ್ಕೆ ಕೂರುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಸಣ್ಣ ಶಾಫ್ಟಿನಲ್ಲಿ ಬೇರೆಯೇ ಕೂತಿದೆ. ಅದನ್ನು ತೆಗೆದು, ಗೇರ್‌ಬಾಕ್ಸಿನಿಂದ ನೇರ ಹಿಂದಿನ ಆಕ್ಸಲಿಗೆ ಶಾಫ್ಟ್ ಕೊಡಬಹುದು. ಬಿಡಿಬಿಡಿಯಾಗಿ ಕೊಳ್ಳಬೇಡಿ, ವೈರಿಂಗ್, ಇಸಿಯು, ಸೆನ್ಸರ್, ಫ್ಯುಯೆಲ್ ಪಂಪ್ ಎಲ್ಲ ಇರುವ ಇಡೀ ಗಾಡಿಯನ್ನೇ ಕೊಳ್ಳಿ. ಮನೆಗೆ ಬಂದ ಮೇಲೆ ಟೈಮಿಂಗ್ ಬೆಲ್ಟನ್ನು ಮೊದಲು ಬದಲಿಸಿ, ಮಾರಿದವರು ಏನೇ ಹೇಳಿದರೂ.

ಸಿಜೆ-3ಬಿ ಜೀಪಿನ 2.2 ಲೀಟರ್ ಹರಿಕೇನ್ ಪೆಟ್ರೋಲಿನ ಸದ್ದು, ನೋಟ ಎರಡೂ ಹಾಟ್ ರಾಡಿನದೇ: ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಕೆಳಗಿನ ಎಳೆತ ಚೆನ್ನಾಗಿದೆ, ವೇಗ ಕೇಳಬಾರದು. ಮಹೀಂದ್ರ ಎಂಎಂ540 ಜೀಪಿನ ಪ್ಯೂಜೊ 2112 ಸಿಸಿ ಡೀಸೆಲ್ 62 ಬಿಎಚ್‌ಪಿಯದು, ಮಣಭಾರ. ಗಟ್ಟಿಮುಟ್ಟು, ಆದರೆ ಮುಂಭಾರದ ಹಾಟ್ ರಾಡ್ ತಿರುವಿನಲ್ಲಿ ನೆಟ್ಟಗೇ ಹೋಗುತ್ತದೆ.

ಹಳೆ ಎಂಜಿನ್ ನೋಡಿ ಕೊಳ್ಳುವ ಬಗೆ

ಮೊದಲು ನಂಬರು. ಟಾರ್ಚ್ ಹಾಕಿ, ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಗ್ರೈಂಡರಿನ ಗೀರು, ಮತ್ತೆ ಹೊಡೆದ ಅಂಕಿ ಕಂಡರೆ ಅಲ್ಲಿಂದ ಎದ್ದು ಬನ್ನಿ. ಬಿಲ್ಲು ಮತ್ತು ಮೂಲ ಗಾಡಿಯ ಆರ್‌ಸಿ ರದ್ದಾದ ಕಾಗದದ ಪ್ರತಿ ಇಲ್ಲದೆ ಎಂಜಿನ್ ಎತ್ತಬೇಡಿ.

ತಿರುಗುವ ಎಂಜಿನ್ ಆದರೆ ಕಂಪ್ರೆಷನ್ ಪರೀಕ್ಷೆ: ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್ ವೈರು ತೆಗೆದು, ಆಕ್ಸಲರೇಟರ್ ಪೂರ್ತಿ ಒತ್ತಿ, ಚಾರ್ಜ್ ಇರುವ ಬ್ಯಾಟರಿಯಲ್ಲಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ. ಅಂಬಾಸಿಡರಿನದರಲ್ಲಿ 120ರಿಂದ 150 ಪಿಎಸ್‌ಐ (ಒತ್ತಡದ ಅಳತೆ) ಬಂದರೆ ಆರೋಗ್ಯ. ಅಂಕಿಗಿಂತ ಮುಖ್ಯ ನಾಲ್ಕು ಸಿಲಿಂಡರುಗಳ ಸಮ; ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದದ್ದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ: ಏರಿದರೆ ರಿಂಗ್ ಹೋಗಿದೆ, ಏರದಿದ್ದರೆ ವಾಲ್ವು. ಪಕ್ಕಪಕ್ಕದ ಎರಡು ಒಟ್ಟಿಗೇ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಜಿಡ್ಡು ಕಂಡರೆ ನೀರು ಆಯಿಲಿಗೆ ಸೇರುತ್ತಿದೆ. ಪುಲ್ಲಿಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಥ್ರಸ್ಟ್ ವಾಷರ್ ಸವೆದಿದೆ. ಕ್ರ್ಯಾಂಕ್ ಈಗಾಗಲೇ 40 ಥೌ ಗ್ರೈಂಡ್ ಆಗಿದ್ದರೆ ಅದರ ಆಯುಸ್ಸು ಮುಗಿದಂತೆ ಎಂದೇ ತಿಳಿದು ಬೆಲೆ ಮಾತಾಡಿ.

ಗೇರಿನ ಲೆಕ್ಕ

ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆಕ್ಸಲ್ ಅನುಪಾತ ತಪ್ಪಿದರೆ ಗಾಡಿ ಕೂಗುತ್ತದೆ, ಓಡುವುದಿಲ್ಲ. ಉದಾಹರಣೆಗೆ ಸಿಜೆ-3ಬಿಯ ಕ್ರೌನ್-ಪಿನಿಯನ್ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 5.38 ಸುತ್ತು. 6.00-16 ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 100 ಕಿ.ಮೀ. ಅಂದರೆ ನಿಮಿಷಕ್ಕೆ 1,667 ಮೀಟರ್, ಅದನ್ನು 2.2ರಿಂದ ಭಾಗಿಸಿದರೆ ಚಕ್ರ 758 ಸುತ್ತು, ಗುಣಿಸು 5.38, ಎಂಜಿನ್ 4,076 ಆರ್‌ಪಿಎಂ. ಹರಿಕೇನ್ ತನ್ನ ಪೂರ್ತಿ ಶಕ್ತಿ ಕೊಡುವುದೇ 4,000ದಲ್ಲಿ. ಅಂದರೆ ಶಿರಾ ಹೆದ್ದಾರಿಯಲ್ಲಿ ಎಂಜಿನ್ ಕೊನೆಯುಸಿರಿನಲ್ಲೇ ಓಡುತ್ತಿರುತ್ತದೆ. 0.8ರ ಐದನೇ ಗೇರು ಇದ್ದರೆ ಅದೇ ವೇಗಕ್ಕೆ 3,260 ಸಾಕು. ಎಂಜಿನ್ ಹುಡುಕುವ ಮೊದಲು ಈ ಲೆಕ್ಕವನ್ನು ನಿಮ್ಮ ಟೈರಿಗೆ, ನಿಮ್ಮ ಆಕ್ಸಲಿಗೆ ಮಾಡಿಟ್ಟುಕೊಳ್ಳಿ. ಅನುಪಾತ ಗೊತ್ತಿಲ್ಲದಿದ್ದರೆ ಎರಡೂ ಹಿಂದಿನ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಒಂದು ಪೂರ್ತಿ ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ.

ಕೂರಿಸುವುದು

ಕೋಲಾರದ ಕಡೆಯ ಹಳೆ ಮನೆಗಳ ಕಲ್ಲು ಚಪ್ಪಡಿ ಸೂರಿಗೋ ಅದರ ಕಲ್ಲು ತೊಲೆಗೋ ಚೈನ್ ಪುಲ್ಲಿ ತೂಗುಹಾಕಬೇಡಿ. ಕಲ್ಲು ಮೇಲಿನ ಭಾರ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಮುರಿಯುವ ಮೊದಲು ಸೂಚನೆಯನ್ನೂ ಕೊಡುವುದಿಲ್ಲ. ಬೋರ್‌ವೆಲ್ ಮೋಟಾರ್ ಎತ್ತುವವರ ಬಳಿ ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ ಇರುತ್ತದೆ. ಅದನ್ನು ಬಾಡಿಗೆಗೆ ತಂದರೆ ಎಂಜಿನ್ ಏನು, ಗೇರ್‌ಬಾಕ್ಸ್ ಸಮೇತ ಎತ್ತಬಹುದು. ಕಾಲುಗಳು ಜಾರದಂತೆ ಕೆಳಗೆ ಸರಪಳಿ ಕಟ್ಟಿ.

ಮೊದಲು ಖಾಲಿ ಬ್ಲಾಕು, ಹೆಡ್ಡು, ಗೇರ್‌ಬಾಕ್ಸ್ ಜೋಡಿಸಿ ಅಳತೆಗೆ ಇಳಿಸಿ. ಗಾಡಿ ತನ್ನ ಚಕ್ರದ ಮೇಲೆ, ಕೊನೆಗೆ ನಿಲ್ಲುವ ಎತ್ತರದಲ್ಲೇ ಇರಬೇಕು. ಎಂಜಿನ್ ಹಿಂದಕ್ಕೆ ಮೂರು ಡಿಗ್ರಿ ವಾಲಲಿ. ಆಕ್ಸಲಿನ ಪಿನಿಯನ್ ಅಷ್ಟೇ ಡಿಗ್ರಿ ಮೇಲಕ್ಕೆ ನೋಡಬೇಕು, ಆಗ ಎರಡೂ ಸಮಾನಾಂತರ. ಶಾಫ್ಟಿನ ಎರಡೂ ತುದಿಯ ಜಾಯಿಂಟ್ ಕೋನ ಒಂದರಿಂದ ಮೂರು ಡಿಗ್ರಿಯೊಳಗೆ, ಎರಡರ ನಡುವೆ ಅಂತರ ಒಂದು ಡಿಗ್ರಿ ಮೀರದಂತೆ. ಇದು ತಪ್ಪಿದರೆ 60 ಕಿ.ಮೀ. ದಾಟುತ್ತಲೇ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ, ಜನ ಟೈರ್ ಬ್ಯಾಲೆನ್ಸ್ ಮಾಡಿಸುತ್ತ ಅಲೆಯುತ್ತಾರೆ. ಕೋನ ಸೊನ್ನೆಯೂ ಆಗಬಾರದು. ಕ್ರಾಸಿನೊಳಗಿನ ಸೂಜಿ ಬೇರಿಂಗ್ ಹೊರಳದೆ ಒಂದೇ ಕಡೆ ಕೊರೆಯುತ್ತದೆ.

ಫ್ಯಾನಿಗೂ ರೇಡಿಯೇಟರಿಗೂ ಕನಿಷ್ಠ 25 ಮಿ.ಮೀ., ಫೈರ್‌ವಾಲಿಗೆ 25, ಎಕ್ಸಾಸ್ಟಿಗೂ ಬ್ರೇಕ್ ಪೈಪಿಗೂ 50 ಬಿಡಿ. ಮೌಂಟ್ ಬ್ರಾಕೆಟ್ 6 ಮಿ.ಮೀ. ಪ್ಲೇಟಿನದು, ರಬ್ಬರ್ ಇರಲೇಬೇಕು.

ಬೇರೆ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಮಾಡಿಸುವವರು ಇಲ್ಲಿ ಆತುರಪಡಬೇಡಿ. ತುಮಕೂರಿನ ಅಂತರಸನಹಳ್ಳಿಯಲ್ಲೋ ಕೋಲಾರದ ಮಾಲೂರಿನಲ್ಲೋ ಒಳ್ಳೆಯ ಮಿಲ್ಲಿಂಗ್ ಇರುವ ಅಂಗಡಿಗೆ ಎಂಜಿನ್ ಬ್ಲಾಕು, ಬೆಲ್ ಹೌಸಿಂಗ್ ಎರಡನ್ನೂ ಒಯ್ಯಿರಿ. ಕಾಗದದ ನಕ್ಷೆ ಸಾಲದು. ಪ್ಲೇಟು 10ರಿಂದ 12 ಮಿ.ಮೀ., ಡವೆಲ್ ಪಿನ್ (ಜಾಗ ಕದಲದಂತೆ ಹಿಡಿಯುವ ಗುಂಡು ಕಡ್ಡಿ) ಕಡ್ಡಾಯ. ಬೋಲ್ಟು ಬಿಗಿಯುತ್ತದೆ, ಮಧ್ಯ ಹಿಡಿಯುವುದು ಡವೆಲ್. ಕ್ರ್ಯಾಂಕಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ ತೂತಿನ ಒಳಗೆ ತಿರುಗಿಸಿದರೆ ಮುಳ್ಳು 0.13 ಮಿ.ಮೀ. ಒಳಗೇ ಆಡಬೇಕು. ಅದಕ್ಕಿಂತ ಹೆಚ್ಚಾದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಗುನುಗುತ್ತದೆ, ಕ್ಲಚ್ ಒತ್ತಿದರೂ ಪೂರ್ತಿ ಬಿಡುವುದಿಲ್ಲ, ಗೇರು ತಾನಾಗಿ ಹಾರುತ್ತದೆ. ಹಣ ಇಲ್ಲಿ ಉಳಿಸಿದವರು ಎರಡು ಸಲ ಖರ್ಚು ಮಾಡುತ್ತಾರೆ. ಆಯುಧ ಪೂಜೆಯ ಆಸುಪಾಸಿನಲ್ಲಿ ಮಾತ್ರ ಕೆಲಸ ಕೊಡಬೇಡಿ. ಲೇತುಗಳೆಲ್ಲ ಬಣ್ಣ ಬಳಿಸಿಕೊಂಡು ಕೂತಿರುತ್ತವೆ.

ನೀರು, ಬಿಸಿ, ಪೆಟ್ರೋಲು

ಮೊದಲು ಹೇಳಿದ ಫೋರ್ಡ್ ಫ್ಲಾಟ್‌ಹೆಡ್ ವಿ8ಗೆ ಬಿಸಿಯೇರುವ ರೋಗವಿತ್ತು; ಎಕ್ಸಾಸ್ಟ್ ದಾರಿ ಬ್ಲಾಕಿನ ನೀರಿನ ನಡುವೆಯೇ ಹಾದುಹೋಗುತ್ತಿತ್ತು. ನಮ್ಮ ಜಿಲ್ಲೆಗಳಲ್ಲಿ ಆ ರೋಗವನ್ನು ತರುವುದು ನೀರೇ. ಸಾವಿರ ಅಡಿ ಬೋರಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಂದು ಬೇಸಿಗೆಯೊಳಗೆ ಟ್ಯೂಬುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರು ಅದಕ್ಕಿಂತ ವಾಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಸಮ ಪ್ರಮಾಣದ ಕೂಲಂಟ್: ಸರಿಯಾದದ್ದು ಇದೇ. ಅಲ್ಯೂಮಿನಿಯಂ ಎಂಜಿನ್ನಿಗೆ ಕೂಲಂಟ್ ಇಲ್ಲದೆ ಒಂದು ದಿನವೂ ಬೇಡ.

ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ; ಅಲ್ಲಿ ನೀರು ಕುದಿಯುವುದು 97 ಡಿಗ್ರಿಗೇ. 7 ಪಿಎಸ್‌ಐ ಮುಚ್ಚಳ ಕುದಿಬಿಂದುವನ್ನು ಹನ್ನೊಂದು ಹನ್ನೆರಡು ಡಿಗ್ರಿ ಮೇಲೇರಿಸುತ್ತದೆ. ಹಳೆ ಹಿತ್ತಾಳೆ ರೇಡಿಯೇಟರಿಗೆ ಅದಕ್ಕಿಂತ ಗಟ್ಟಿ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ಮೂರು ಸಾಲಿನ ಕೋರ್, ಫ್ಯಾನಿನ ಸುತ್ತ ಶ್ರೌಡ್ (ಗಾಳಿ ಹಿಡಿದಿಡುವ ಕವಚ) ಹಾಕಿಸಿ. ಶ್ರೌಡ್ ಇಲ್ಲದ ಫ್ಯಾನು ರೇಡಿಯೇಟರಿನ ನಡುಭಾಗವನ್ನಷ್ಟೇ ತಂಪು ಮಾಡುತ್ತದೆ.

ಈ ಎತ್ತರದಲ್ಲಿ ಎಂಜಿನ್ ಶಕ್ತಿ ನೂರಕ್ಕೆ ಎಂಟೊಂಬತ್ತು ಕಡಿಮೆಯೇ ಸಿಗುತ್ತದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ. ತೆಳು ಗಾಳಿಗೆ ಕಾರ್ಬುರೇಟರ್ ಮಿಶ್ರಣವನ್ನು ಸ್ವಲ್ಪ ದಪ್ಪ ಮಾಡುತ್ತದೆ, ಅಂದರೆ ಗಾಳಿಗೆ ಪೆಟ್ರೋಲು ಹೆಚ್ಚು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲು (ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸಿದ್ದು) ಅದನ್ನೇ ತೆಳು ಮಾಡುತ್ತದೆ, ಅದೂ ಎತ್ತರ ದಪ್ಪ ಮಾಡುವುದಕ್ಕಿಂತ ಹೆಚ್ಚು. ಹಾಗಾಗಿ ಹಳೆ ಪುಸ್ತಕದ ಜೆಟ್ ಅಳತೆ ನಂಬದೆ ಪ್ಲಗ್ ನೋಡಿ ಹೊಂದಿಸಿ: ಪೂರ್ತಿ ಆಕ್ಸಲರೇಟರಿನಲ್ಲಿ ಓಡಿಸಿ, ಎಂಜಿನ್ ಆರಿಸಿ ಬಿಚ್ಚಿದರೆ ತುದಿ ಕಾಫಿ ಬಣ್ಣ ಇರಬೇಕು. ಬಿಳಿ ಇದ್ದರೆ ತೆಳು. ಪಿಸ್ಟನ್ ಕರಗುವ ಮುನ್ಸೂಚನೆ ಅದು. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನು ಎಥೆನಾಲ್ ತಿನ್ನುತ್ತದೆ. ಎಲ್ಲ ಹೊಸದು ಹಾಕಿ. ಎಸ್‌ಯುಗೆ 3 ಪಿಎಸ್‌ಐ ಆಸುಪಾಸಿನ ಪಂಪು ಸಾಕು. ಎಂಪಿಎಫ್‌ಐ ಪಂಪು ಕೊಟ್ಟರೆ ಕಾರ್ಬುರೇಟರ್ ತುಂಬಿ ಎಂಜಿನ್ ಮೇಲೇ ಹರಿಯುತ್ತದೆ.

ಬ್ರೇಕು

ಶಕ್ತಿ ಏರಿಸುವ ಮೊದಲು ಇದು. ಒಂದೇ ಸರ್ಕ್ಯೂಟಿನ ಹಳೆ ಮಾಸ್ಟರ್ ಸಿಲಿಂಡರ್ ತೆಗೆದು ಎರಡು ಸರ್ಕ್ಯೂಟಿನ ಟ್ಯಾಂಡಮ್ ಹಾಕಿ. ಒಂದು ಪೈಪು ಒಡೆದರೂ ಇನ್ನೆರಡು ಚಕ್ರ ಹಿಡಿಯುತ್ತವೆ. ಪೈಪು ಸ್ಟೀಲಿನದು, ತುದಿ ಎರಡು ಮಡಿಕೆಯಾಗಿ ಅಗಲಿಸಿ ಡಬಲ್ ಫ್ಲೇರ್ ಮಾಡಿಸಿದ್ದು. ಫ್ರಿಜ್ಜಿನ ತಾಮ್ರದ ಪೈಪು ಬೆಸೆದು ಹಾಕುವ ಪದ್ಧತಿ ಕೆಲವು ಕಡೆ ಇದೆ, ಅದು ನಡುಕಕ್ಕೆ ಗಟ್ಟಿಯಾಗಿ ಸೀಳುತ್ತದೆ. ಸ್ಟೀರಿಂಗ್ ಆರ್ಮಿಗೆ ವೆಲ್ಡಿಂಗ್ ಬೇಡ, ಕಾಯಿಸಿ ಬಗ್ಗಿಸುವುದೂ ಬೇಡ.

ದುಡ್ಡು ಮತ್ತು ಮೊದಲ ಸ್ಟಾರ್ಟು

ಒಟ್ಟು ಬಜೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಂಜಿನ್ನಿಗೆ ಹೋದರೆ ಗಾಡಿ ಮುಗಿಯುವುದಿಲ್ಲ. ಇನ್ನೊಂದು ಮೂರನೇ ಭಾಗ ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್, ಟೈರಿಗೆ. ಉಳಿದದ್ದರಲ್ಲಿ ಲೇತ್, ವೈರಿಂಗ್, ರೇಡಿಯೇಟರ್, ಜೊತೆಗೆ ಗೊತ್ತಿಲ್ಲದ ಖರ್ಚು. ಬಣ್ಣ ಕಟ್ಟಕಡೆಗೆ, ಓಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ ಮೇಲೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಬರಿ ಲೋಹ ಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು. ಅಂದಂದಿನ ಕೆಲಸಕ್ಕೆ ಅಂದೇ ಪ್ರೈಮರ್ ಹೊಡೆಯಿರಿ.

ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿದ 1489 ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಐಡಲಿಗೆ ಬಿಡಬಾರದು. ಪ್ಲಗ್ ಹಾಕದೆ ಕ್ರ್ಯಾಂಕ್ ಮಾಡಿ ಆಯಿಲ್ ಪ್ರೆಷರ್ ಬಂದದ್ದನ್ನು ಗೇಜಿನಲ್ಲಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ, ಸೀದಾ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ. ಟ್ಯಾಪೆಟ್ಟಿಗೆ ಆಯಿಲ್ ಸಿಡಿಯುವುದು ಆ ವೇಗದಲ್ಲೇ. ಐಡಲಿನಲ್ಲಿ ಕ್ಯಾಮಿನ ಮೂಗು ಮೊದಲ ಅರ್ಧ ಗಂಟೆಯಲ್ಲೇ ಸವೆದುಹೋಗುತ್ತದೆ. ಆಯಿಲ್ 20ಡಬ್ಲ್ಯು-50, ಜಿಂಕ್ ಇರುವುದು. ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟ್ ಕ್ರಮವಾಗಿ ಮತ್ತೆ ಬಿಗಿದು ಟ್ಯಾಪೆಟ್ ಸಡಿಲ ಹೊಂದಿಸಿ. 50 ಕಿ.ಮೀ. ಆದಾಗ ಚಕ್ರದ ನಟ್ಟು, ಸ್ಪ್ರಿಂಗಿನ ಯು ಬೋಲ್ಟು, ಶಾಫ್ಟಿನ ಫ್ಲ್ಯಾಂಜ್ ಬೋಲ್ಟು ಎಲ್ಲ ಮತ್ತೊಮ್ಮೆ ಸ್ಪ್ಯಾನರಿಗೆ ಕೊಡಿ; 500 ಆದಾಗ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಳೆ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ನೋಡಿ. ಕಪ್ಪು ಜಿಡ್ಡು ಮಾತ್ರ ಇದ್ದರೆ ನಡೆಯಲಿ. ಹೊಳೆಯುವ ಚೂರು ಕಂಡರೆ ಸಂಪು ಬಿಚ್ಚಿ ಬೇರಿಂಗ್ ನೋಡುವವರೆಗೆ ಗಾಡಿ ಶೆಡ್ಡಿನಿಂದ ಹೊರಗೆ ತೆಗೆಯಬೇಡಿ.